ಮೊದಲ ಹತ್ತು ಮಿಲಿಮೀಟರ್ ಮಳೆ ಎಲ್ಲಿಗೆ ಹೋಗುತ್ತಿದೆ?

ಮಾನ್ಯ ಸಂಪಾದಕರೇ,

ಬೇಸಿಗೆಯ ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ನಿಮ್ಮ ಪತ್ರಿಕೆಯೂ ಸೇರಿ ಬೆಂಗಳೂರಿನ ಎಲ್ಲ ಪತ್ರಿಕೆಗಳಲ್ಲೂ ಅಂಡರ್‌ಪಾಸ್‌ನಲ್ಲಿ ಮುಳುಗಿದ ಕಾರಿನ ಫೋಟೊ ಬರುತ್ತದೆ. ಅದರ ಹಿಂದೆ ಮುಂದೆ, ಒಳಪುಟದಲ್ಲಿ, ಯಾವುದಾದರೂ ಕೆರೆಯ ದಡದಲ್ಲಿ ಸತ್ತು ತೇಲುವ ಮೀನಿನ ಫೋಟೊ. ಕಾರಿನ ಫೋಟೊಗೆ ಸಭೆ ನಡೆಯುತ್ತದೆ, ಸಚಿವರು ಗಮ್‌ಬೂಟು ಹಾಕಿಕೊಂಡು ಬರುತ್ತಾರೆ, ಊರಿನ ಮಳೆನೀರು ಹೊರುವ ದೊಡ್ಡ ಚರಂಡಿಗೆ, ಅಂದರೆ ರಾಜಕಾಲುವೆಗೆ, ಇನ್ನಷ್ಟು ಕೋಟಿ ಮಂಜೂರಾಗುತ್ತದೆ. ಮೀನಿಗೆ ಅಷ್ಟೆಲ್ಲ ಇಲ್ಲ. ನೀರಲ್ಲಿ ಆಮ್ಲಜನಕ ಕಡಿಮೆಯಾಗಿತ್ತು ಅಂತ ಒಂದು ಹೇಳಿಕೆ ಬರುತ್ತದೆ, ಅಲ್ಲಿಗೆ ಮುಗಿಯಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗಲೂ ನಾವು ಓದಿದ್ದು ಕೊಳಚೆ ನೀರು, ಆಮ್ಲಜನಕದ ಕೊರತೆ ಅಂತಲೇ.

ನಾನು ಕೆಲಸದಲ್ಲಿದ್ದಾಗ ಮಳೆನೀರು ಚರಂಡಿಗಳ ಡಿಸೈನ್ ಮಾಡುತ್ತಿದ್ದೆ, ಈಗ ನಿವೃತ್ತ. ನಮ್ಮ ಚರಂಡಿಗಳ ಲೆಕ್ಕದಲ್ಲೇ ಒಂದು ಸಂಗತಿ ಬಿಟ್ಟು ಹೋಗಿದೆ, ಅದನ್ನು ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕುವುದು ನಿಮ್ಮ ಹಕ್ಕು.

ಚರಂಡಿ ಡಿಸೈನ್ ಮಾಡುವವರು ಕೇಳುವ ಪ್ರಶ್ನೆ ಒಂದೇ. ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಗೆ ಕಟ್ಟಬೇಕು? ಅಂದರೆ ಅಪರೂಪಕ್ಕೆ ಬರುವ ದೊಡ್ಡ ಮಳೆಯ ಲೆಕ್ಕ. ಅದು ಗಂಟೆಗೆ ಇಷ್ಟು ಮಿಲಿಮೀಟರ್ ಬಿದ್ದರೆ ಗೋಡೆ ಎಷ್ಟು ಎತ್ತರ, ತಳ ಎಷ್ಟು ಅಗಲ, ಇಳಿಜಾರು ಎಷ್ಟು. ಕೇಂದ್ರ ಸರ್ಕಾರ 2019ರಲ್ಲಿ ಮಳೆನೀರು ಚರಂಡಿಗಳಿಗೆ ಅಂತ ಹೊರತಂದ ಕೈಪಿಡಿಯಲ್ಲೂ ಮುಖ್ಯ ಲೆಕ್ಕ ಇದೇ. ತಪ್ಪೇನಿಲ್ಲ, ಮನೆಗೆ ನೀರು ನುಗ್ಗಬಾರದು ಅಂದರೆ ಈ ಲೆಕ್ಕ ಬೇಕೇ ಬೇಕು. ಆದರೆ ಕೆರೆ ಕೆಡಿಸುವುದು ಈ ದೊಡ್ಡ ಮಳೆ ಅಲ್ಲ. ಎರಡು ಮೂರು ತಿಂಗಳು ಒಣಗಿ ಬಿದ್ದ ಊರಿನ ಮೇಲೆ ಸಾಯಂಕಾಲ ಅರ್ಧ ಗಂಟೆ ಬಿದ್ದು ಹೋಗುವ ಸಣ್ಣ ಮಳೆ, ಅದರಲ್ಲೂ ಅದರ ಮೊದಲ ಐದು ಹತ್ತು ಮಿಲಿಮೀಟರ್. ಪ್ರವಾಹಕ್ಕೆ ದೊಡ್ಡ ಮಳೆ ಲೆಕ್ಕ ಹಾಕಬೇಕು, ಕೊಳೆಗೆ ಸಣ್ಣ ಮಳೆ ಲೆಕ್ಕ ಹಾಕಬೇಕು. ನಾವು ಮೊದಲನೆಯದನ್ನು ಮಾತ್ರ ಮಾಡುತ್ತೇವೆ.

ಬೆಂಗಳೂರಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಅನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಅಷ್ಟೂ ದಿನ ರಸ್ತೆ ಮೇಲೆ ಏನೇನು ಬೀಳುತ್ತದೆ ಯೋಚಿಸಿ. ಟಯರ್ ಸವೆದ ಪುಡಿ, ಬ್ರೇಕ್ ಪ್ಯಾಡಿನ ತಾಮ್ರದ ಪುಡಿ, ಆಟೊದಿಂದ ತೊಟ್ಟಿಕ್ಕಿದ ಎಂಜಿನ್ ಆಯಿಲ್, ಕಟ್ಟಡದ ಸಿಮೆಂಟ್ ದೂಳು, ನಾಯಿ ಹೇಲು, ಸುಟ್ಟ ಕಸದ ಬೂದಿ, ದರ್ಶಿನಿ ಮುಂದೆ ಚೆಲ್ಲಿದ ಪಾತ್ರೆ ತೊಳೆದ ನೀರು. ಇಷ್ಟನ್ನೂ ಮೊದಲ ಮಳೆ ಒಂದೇ ಸಲಕ್ಕೆ ತೊಳೆದು ಮೋರಿಗೆ ಹಾಕುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಹೇಳಿದ್ದು ಹೊಲಕ್ಕೆ ಸರಿ. ಡಾಂಬರು ಕಾಂಕ್ರೀಟಿನ ಊರಲ್ಲಿ ಅದೇ ಭರಣಿ ಮಳೆಯಷ್ಟು ಗಲೀಜು ನೀರು ವರ್ಷದಲ್ಲಿ ಇನ್ನೊಂದಿಲ್ಲ. ಇದು ನಮ್ಮ ಊರಿನ ವಿಶೇಷ ಅಂತಲೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲೂ ತಿಂಗಳುಗಟ್ಟಲೆ ಒಣ ಹವೆ, ಅಲ್ಲಿ ಹೆದ್ದಾರಿಗಳ ನೀರನ್ನು ಅಳೆದಾಗಲೂ ಋತುವಿನ ಮೊದಲ ಮಳೆಗಳ ನೀರೇ ಜಾಸ್ತಿ ಕೊಳಕಾಗಿತ್ತು.

ಗುಡಿಸುತ್ತೇವಲ್ಲ ಅನ್ನಬಹುದು. ಪೌರಕಾರ್ಮಿಕರು ಬೆಳಗಿನ ಜಾವ ಎದ್ದು ಗುಡಿಸುತ್ತಾರೆ, ಮುಖ್ಯರಸ್ತೆಗಳಲ್ಲಿ ಯಂತ್ರಗಳೂ ಓಡಾಡುತ್ತವೆ. ಆದರೆ ಅಮೆರಿಕದ ಪರಿಸರ ಸಂಸ್ಥೆಗಾಗಿ 1972ರಲ್ಲಿ ನಡೆದ ಒಂದು ಅಧ್ಯಯನ ಈ ವಿಷಯದಲ್ಲಿ ಇವತ್ತಿಗೂ ಓದಬೇಕಾದದ್ದು. ಹಲವು ನಗರಗಳ ರಸ್ತೆ ದೂಳನ್ನು ಜರಡಿ ಹಿಡಿದು ನೋಡಿದರೆ, 43 ಮೈಕ್ರಾನ್‌ಗಿಂತ ಸಣ್ಣ ಪುಡಿ ತೂಕದಲ್ಲಿ ನೂರಕ್ಕೆ ಆರರಷ್ಟು ಮಾತ್ರ ಇತ್ತು. ಆದರೆ ಭಾರಲೋಹಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರಲ್ಲೇ ಅಂಟಿಕೊಂಡಿತ್ತು. ಪಾಚಿ ಬೆಳೆಸುವ ಸಾರಜನಕ, ರಂಜಕವೂ ಮೂರನೇ ಒಂದರಿಂದ ಅರ್ಧದವರೆಗೆ ಅದರಲ್ಲೇ. ಪೊರಕೆಗೆ ಸಿಗುವುದು ಮರಳು, ಎಲೆ, ಪ್ಲಾಸ್ಟಿಕ್. ಈ ಹಿಟ್ಟಿನಂಥ ಪುಡಿ ರಸ್ತೆಯಲ್ಲೇ ಉಳಿದು ಮಳೆಗೆ ಕಾಯುತ್ತಿರುತ್ತದೆ.

ರಸ್ತೆ ದೂಳಿಂದ ಮೀನು ಸಾಯುತ್ತದಾ ಅಂತ ನಗುವವರಿಗೆ ಸಿಯಾಟಲ್ ಕಡೆಯ ಸಂಗತಿ ಹೇಳಬೇಕು. ಅಲ್ಲಿ ಶರತ್ಕಾಲದ ಮಳೆ ಶುರುವಾದ ಕೂಡಲೇ ಮೊಟ್ಟೆಯಿಡಲು ಹೊಳೆಗೆ ಬಂದ ಕೋಹೊ ಸಾಲ್ಮನ್ ಮೀನುಗಳು ಗಂಟೆಗಳಲ್ಲಿ ಸಾಯುತ್ತಿದ್ದವು. ವರ್ಷಗಟ್ಟಲೆ ಕಾರಣ ತಿಳಿಯಲಿಲ್ಲ. ಟಯರ್ ಬೇಗ ಬಿರುಕು ಬಿಡದಿರಲಿ ಅಂತ ರಬ್ಬರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಜೋನ್ ಜತೆ ಸೇರಿ ಬೇರೊಂದು ವಸ್ತುವಾಗುತ್ತದೆ, ಕೊಲ್ಲುತ್ತಿರುವುದು ಅದು ಅಂತ 2020ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ನಮ್ಮ ಕಾಟ್ಲಾ, ರೋಹು ಸಾಯುವುದೂ ಅದರಿಂದಲೇ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಅದಕ್ಕಿಂತ ಸರಳವಾದ ಕಾರಣಗಳೇ ಬೇಕಾದಷ್ಟಿವೆ.

ಮನೆ ಮಟ್ಟದಲ್ಲಿ ಇದು ನಮಗೆಲ್ಲ ಗೊತ್ತಿರುವ ವಿಷಯವೇ. 2009ರಲ್ಲಿ ಜಲಮಂಡಳಿಯ ಕಾನೂನು ತಿದ್ದಿ 60x40ರ ಹಳೇ ಮನೆಗಳಿಗೂ 30x40ರ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿದರು. ಅದನ್ನು ಮಾಡಿಸಿದವರಿಗೆ ಪ್ಲಂಬರ್ ಮೊದಲು ತೋರಿಸುವುದೇ ಕೆಳಗೆ ಮುಚ್ಚಳ ಇರುವ ಒಂದು ಪೈಪು. ತಾರಸಿ ತೊಳೆದ ಮೊದಲ ನೀರು ಅದರಲ್ಲಿ ನಿಲ್ಲಬೇಕು, ಅದು ತುಂಬಿದ ಮೇಲಿನ ನೀರು ಫಿಲ್ಟರ್ ಮೂಲಕ ಸಂಪಿಗೆ ಹೋಗಬೇಕು. 30x40 ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 111 ಲೀಟರ್. ಎರಡೂವರೆ ಮಿಲಿಮೀಟರ್ ಬಿಟ್ಟರೂ 280 ಲೀಟರ್ ಅಷ್ಟೇ. ಪಾರಿವಾಳದ ಹಿಕ್ಕೆ ಬಿದ್ದ ತಾರಸಿಗೆ ಇಷ್ಟು ಮುತುವರ್ಜಿ ವಹಿಸುವ ನಾವು, ಲಕ್ಷಾಂತರ ಗಾಡಿ ಓಡಾಡುವ ರಸ್ತೆಯ ನೀರನ್ನು ಮೊದಲ ಹನಿಯಿಂದಲೇ ಸೀದಾ ಕೆರೆಗೆ ಬಿಡುತ್ತೇವೆ. ವಿಚಿತ್ರ ಅಲ್ವಾ?

ಹಾಗಾದರೆ ಕೆರೆ ಬಾಯಲ್ಲಿ ಒಂದು ದೊಡ್ಡ ತೊಟ್ಟಿ ಕಟ್ಟಿ ಮೊದಲ ನೀರು ಹಿಡಿದರೆ ಆಯಿತಲ್ಲ ಅಂತ ಅನ್ನಿಸಬಹುದು. ಇಲ್ಲೇ ಎಡವುವುದು. ನಾಲ್ಕೆಂಟು ಎಕರೆಯ ಲೇಔಟಿನಲ್ಲಿ ಮೊದಲ ನೀರು, ಆಮೇಲಿನ ನೀರು ಅಂತ ಬೇರೆ ಬೇರೆಯಾಗಿ ಕಾಣುತ್ತದೆ. ಮೊದಲ ಹದಿನೈದು ನಿಮಿಷ ಕಪ್ಪು ನೀರು, ಆಮೇಲೆ ತಕ್ಕಮಟ್ಟಿಗೆ ತಿಳಿ. ಆದರೆ ಹತ್ತಾರು ಚದರ ಕಿಲೋಮೀಟರ್‌ನ ನೀರು ಬಂದು ಸೇರುವ ರಾಜಕಾಲುವೆಯಲ್ಲಿ ಹಾಗಿರುವುದಿಲ್ಲ. ಕೆರೆ ಪಕ್ಕದ ಬೀದಿಯ ಕಪ್ಪು ನೀರು ಐದೇ ನಿಮಿಷಕ್ಕೆ ಬರುತ್ತದೆ. ಐದು ಕಿಲೋಮೀಟರ್ ಮೇಲಿನ ಬೀದಿಯ ಕಪ್ಪು ನೀರು, ಸೆಕೆಂಡಿಗೆ ಎರಡು ಮೀಟರ್‌ನಂತೆ ರಭಸವಾಗಿ ಓಡಿದರೂ, ಬರಲಿಕ್ಕೆ ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ಇಲ್ಲಿನ ತೊಟ್ಟಿ ಹತ್ತಿರದ ಬೀದಿಗಳ ತಿಳಿನೀರಿನಿಂದಲೇ ತುಂಬಿ ಹೋಗಿರುತ್ತದೆ, ಮೇಲಿನ ಕೊಳೆ ಅದರ ತಲೆ ಮೇಲೆ ಹಾದು ಕೆರೆಗೆ ಬೀಳುತ್ತದೆ. ಫ್ರಾನ್ಸ್‌ನ ಸಂಶೋಧಕರು 1998ರಲ್ಲಿ ಹಲವು ಊರುಗಳ ಮಳೆನೀರಿನ ಲೆಕ್ಕ ತೆಗೆದು ಇದನ್ನೇ ತೋರಿಸಿದರು. ಮೊದಲ ಶೇ 30ರಷ್ಟು ನೀರಲ್ಲೇ ಶೇ 80ರಷ್ಟು ಕೊಳೆ ಬಂದುಬಿಡುವುದು ತೀರಾ ಅಪರೂಪ. ಇದನ್ನು ಓದಿ ಮೊದಲ ಮಳೆ ಅನ್ನುವುದೇ ಸುಳ್ಳು ಅಂತ ವಾದ ಮಾಡಿದವರೂ ಇದ್ದಾರೆ. ನನಗೆ ಕಾಣುವುದು ಬೇರೆ. ಮೊದಲ ಮಳೆಯನ್ನು ಅದು ಬಿದ್ದ ಬೀದಿಯ ಹತ್ತಿರವೇ ಹಿಡಿಯಬೇಕು, ಕೆಳಗೆ ಬಂದು ಎಲ್ಲ ಕಲಸಿಹೋದ ಮೇಲೆ ಅಲ್ಲ.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ, ಮೇಲಿನ ದೇಶಗಳ ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ್ದು. ನಮ್ಮ ರಾಜಕಾಲುವೆ ಬೇಸಿಗೆಯಲ್ಲೂ ಒಣಗಿರುವುದಿಲ್ಲ. ಯುಜಿಡಿಯ, ಅಂದರೆ ಕೊಳಚೆ ಸಾಗಿಸುವ ಒಳಚರಂಡಿಯ, ಮ್ಯಾನ್‌ಹೋಲ್ ಉಕ್ಕಿದ ನೀರು, ಸಂಪರ್ಕವೇ ಇಲ್ಲದ ಮನೆಗಳ ನೀರು, ರಾತ್ರಿ ಕದ್ದು ಬಿಡುವ ಟ್ಯಾಂಕರ್ ನೀರು, ಎಲ್ಲ ಸಣ್ಣಗೆ ಹರಿಯುತ್ತಲೇ ಇರುತ್ತದೆ. ಅದರ ಗಷ್ಟು ನಾಲ್ಕು ತಿಂಗಳು ತಳದಲ್ಲಿ ಕೂತು ಕೊಳೆಯುತ್ತದೆ. ಹರಿವು ಹೆಚ್ಚಾದ ಕೂಡಲೇ ಆ ಕರೀ ಕೆಸರು ಎದ್ದು ಕೆರೆಗೆ ಹೋಗಿ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಪಾಚಿ ಕಟ್ಟಿದ ಕೆರೆಯಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಮೊದಲೇ ಕಡಿಮೆ. ಸಾಯಂಕಾಲ ಮಳೆ, ಬೆಳಿಗ್ಗೆ ಮೀನು ಮೇಲೆ. ವಿಷ ಹಾಕಿದವರನ್ನು ಹುಡುಕುವ ಅಗತ್ಯವೇ ಇಲ್ಲ.

ಕೆರೆ ಅಭಿವೃದ್ಧಿ ಕಾಮಗಾರಿಗಳಲ್ಲಿ ಇದಕ್ಕೆ ಮಾಡಿರುವ ಉಪಾಯ ಅಂದರೆ ಡೈವರ್ಷನ್ ಡ್ರೈನ್. ಒಳಹರಿವಿನ ಬಾಯಲ್ಲಿ ಗಿಡ್ಡ ಅಡ್ಡಗೋಡೆ ಕಟ್ಟಿ ಕೊಳಚೆ ನೀರನ್ನು ಕೆರೆಯ ಸುತ್ತ ಬಳಸಿ ಕೆಳಗೆ ಬಿಡುವುದು. ಬೇಸಿಗೆಯಲ್ಲಿ ನೋಡಲು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಉದ್ಘಾಟನೆಯೂ ಬೇಸಿಗೆಯಲ್ಲೇ ಆಗುತ್ತದೆ. ನಮ್ಮ ಮನೆ ಹತ್ತಿರದ ಕೆರೆಗೂ ಇದನ್ನೇ ಕಟ್ಟಿದ್ದಾರೆ. ಆದರೆ ಆ ಕಾಲುವೆಯ ಅಳತೆ ಒಣದಿನದ ಕೊಳಚೆಗೆ. ಮಳೆ ಬಂದ ಹತ್ತು ನಿಮಿಷಕ್ಕೆ ನೀರು ಅಡ್ಡಗೋಡೆ ಹಾರಿ ಕೆರೆಗೆ ಬೀಳುತ್ತದೆ. ಯಾವ ನೀರು? ವರ್ಷದಲ್ಲೇ ಅತಿ ಕೊಳಕಾದ ನೀರು. ಅಂದರೆ ವರ್ಷವಿಡೀ ದೂರ ಇಟ್ಟ ಗಲೀಜನ್ನು ಒಂದೇ ಸಂಜೆ ಒಳಗೆ ಬಿಟ್ಟುಕೊಂಡ ಹಾಗಾಯಿತು. ಬಳಸಿ ಹೋದ ಕೊಳಚೆಯಾದರೂ ಮಾಯವಾಗುತ್ತದಾ ಅಂದರೆ ಅದೂ ಇಲ್ಲ, ಸರಪಳಿಯಲ್ಲಿ ಕೆಳಗಿರುವ ಮುಂದಿನ ಕೆರೆಗೆ ಹೋಗುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ವೃಷಭಾವತಿಯದ್ದು ಬೈರಮಂಗಲಕ್ಕೆ, ಅಲ್ಲಿಂದ ಅರ್ಕಾವತಿ, ಕಾವೇರಿಗೆ. ಬೈರಮಂಗಲದ ರೈತರನ್ನು ಕೇಳಿ, ನಮ್ಮ ಮೊದಲ ಮಳೆಯ ವಾಸನೆ ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ. ಒಂದು ಚದರ ಕಿಲೋಮೀಟರ್ ಬಡಾವಣೆ, ಅದರಲ್ಲಿ ಶೇ 70 ತಾರಸಿ, ರಸ್ತೆ ಅಂತ ಇಟ್ಟುಕೊಳ್ಳಿ. ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಆ ಒಂದು ಗಂಟೆಯಲ್ಲಿ ಮೂರೂವರೆ ಕೋಟಿ ಲೀಟರ್ ನೀರು. ಜಕ್ಕೂರು ಕೆರೆ ಪಕ್ಕದ ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ ಶುರುವಾದಾಗ ಇದ್ದ ಸಾಮರ್ಥ್ಯ ದಿನಕ್ಕೆ ಒಂದು ಕೋಟಿ ಲೀಟರ್. ಅಂಥ ಘಟಕಕ್ಕೆ ಈ ಒಂದು ಗಂಟೆಯ ನೀರು ಶುದ್ಧ ಮಾಡಲು ಮೂರೂವರೆ ದಿನ ಬೇಕು. ಹಾಗಾಗಿ ಮಳೆನೀರನ್ನೆಲ್ಲ ಶುದ್ಧ ಮಾಡುತ್ತೇವೆ ಅನ್ನುವುದು ಸುಮ್ನೆ ಮಾತು, ಯಾವ ದೇಶದಲ್ಲೂ ಮಾಡುವುದಿಲ್ಲ. ಆದರೆ ಮೊದಲ ಹತ್ತು ಮಿಲಿಮೀಟರ್ ಮಾತ್ರ ಅಂದರೆ 70 ಲಕ್ಷ ಲೀಟರ್. ಅದನ್ನು ಎಲ್ಲಾದರೂ ನಿಲ್ಲಿಸಿಕೊಂಡು ಎರಡು ದಿನದಲ್ಲಿ ನಿಧಾನವಾಗಿ ಬಿಟ್ಟರೆ ದಿನಕ್ಕೆ 35 ಲಕ್ಷ. ರಾತ್ರಿ ಹೊತ್ತು ಎಸ್‌ಟಿಪಿಗೆ ಬರುವ ನೀರು ಕಡಿಮೆ ಇರುತ್ತದೆ, ಆಗ ಇದನ್ನು ಕಳಿಸಬಹುದು. ಜರ್ಮನಿಯಲ್ಲಿ ಇಂಥ ತೊಟ್ಟಿಗಳು ಸಾವಿರಾರು ಇವೆ. ಮೊದಲ ನೀರು ತೊಟ್ಟಿಯಲ್ಲಿ, ಮಳೆ ನಿಂತ ಮೇಲೆ ಶುದ್ಧೀಕರಣ ಘಟಕಕ್ಕೆ.

ಎಲ್ಲಿ ನಿಲ್ಲಿಸುವುದು? ಜಾಗ ಎಲ್ಲಿದೆ ಅನ್ನುವುದು ಎಲ್ಲರೂ ಮೊದಲು ಕೇಳುವ ಮಾತು. ಒಂದೇ ಕಡೆ ಕಟ್ಟಿದರೆ ಹತ್ತಡಿ ಆಳಕ್ಕೆ ಅರ್ಧ ಎಕರೆ ಚಿಲ್ಲರೆ ಬೇಕು. ಆದರೆ ಮೇಲೆ ಹೇಳಿದ ಕಾರಣಕ್ಕೆ ಒಂದೇ ಕಡೆ ಕಟ್ಟಲೇಬಾರದು. ಇಪ್ಪತ್ತೈದು ಎಕರೆಗೆ ಒಂದರಂತೆ ಹಂಚಿದರೆ ಒಂದೊಂದಕ್ಕೆ ಬೇಕಾಗುವುದು ಸುಮಾರು ಒಂದು 60x40 ಸೈಟಿನಷ್ಟು ಜಾಗ, ಅದೂ ನೆಲದಡಿ. ಪಾರ್ಕು, ಆಟದ ಮೈದಾನ, ಪಾಲಿಕೆಯ ಪಾರ್ಕಿಂಗ್ ಜಾಗ, ಇವುಗಳ ಅಡಿಯಲ್ಲಿ ಕಟ್ಟಿ ಮೇಲೆ ಮಣ್ಣು ಮುಚ್ಚಬಹುದು.

ಕಟ್ಟುವಾಗ ಒಂದು ವಿಷಯ ಮಾತ್ರ ಬಿಡಬಾರದು. ತೊಟ್ಟಿ ಚರಂಡಿಯ ದಾರಿಯಲ್ಲೇ ಇರಬಾರದು, ಪಕ್ಕಕ್ಕೆ ಇರಬೇಕು. ಚರಂಡಿಯಲ್ಲೊಂದು ಗಿಡ್ಡ ಅಡ್ಡಗೋಡೆ, ಅದರ ಹಿಂದಿನಿಂದ ತೊಟ್ಟಿಗೆ ದಾರಿ. ಮೊದಲ ನೀರು ತೊಟ್ಟಿಗೆ ಇಳಿಯುತ್ತದೆ, ತೊಟ್ಟಿ ತುಂಬಿದ ಮೇಲೆ ನೀರು ತಾನಾಗಿ ಗೋಡೆ ಹಾರಿ ಚರಂಡಿಯಲ್ಲೇ ಮುಂದೆ ಹೋಗುತ್ತದೆ. ಗೇಟು ಬೇಡ, ಮೋಟರ್ ಬೇಡ, ಮಳೆ ಬಂದಾಗ ಓಡಿಬಂದು ಸ್ವಿಚ್ ಹಾಕುವ ಆಸಾಮಿಯೂ ಬೇಡ. ಡೈವರ್ಷನ್ ಡ್ರೈನ್‌ಗಿಂತ ಇದು ಪೂರಾ ಉಲ್ಟಾ ಅನ್ನುವುದನ್ನು ಗಮನಿಸಿ, ಇಲ್ಲಿ ಗೋಡೆ ಹಾರುವುದು ಆಮೇಲಿನ ತಿಳಿನೀರು. ಬದಲಿಗೆ ಚರಂಡಿಯ ನಡುವೆಯೇ ಹೂಳು ತೊಟ್ಟಿ ಕಟ್ಟಿದರೆ ಸಣ್ಣ ಮಳೆಗಳಲ್ಲಿ ಕೂತ ಕೆಸರನ್ನು ಮುಂದಿನ ದೊಡ್ಡ ಮಳೆ ಪೂರ್ತಿ ಎಬ್ಬಿಸಿ ಒಯ್ಯುತ್ತದೆ. ಕೆರೆ ಬಾಯಲ್ಲಿ ಈಗ ಕಟ್ಟಿರುವ ಎಷ್ಟೋ ಹೂಳು ತೊಟ್ಟಿಗಳ ಗತಿ ಇದೇ. ಆಪು, ಜೊಂಡು ಬೆಳೆಸಿದ ಜೌಗೂ ಹಾಗೆಯೇ. ನಿಧಾನವಾಗಿ ಬರುವ ನೀರಿಗೆ ಅದು ತುಂಬ ಒಳ್ಳೆಯದು, ಇಡೀ ಮಳೆಯ ರಭಸವನ್ನು ಅದರ ಮೇಲೆ ಹರಿಸಿದರೆ ಮಾತ್ರ ಬೇರು ಸಮೇತ ಹೋಗುತ್ತದೆ.

ಸೊಳ್ಳೆ ಆಗುತ್ತದೆ ಅನ್ನುವ ಭಯ ಸಹಜ, ಡೆಂಗಿ ಕಾಲ ಬೇರೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರವಾದರೂ ಬೇಕು, ತೊಟ್ಟಿ ಎರಡು ದಿನದಲ್ಲಿ ಖಾಲಿಯಾಗಬೇಕು. ಖಾಲಿಯಾಗದಿದ್ದರೆ ಅದು ಡಿಸೈನ್ ಅಲ್ಲ, ಹೊಂಡ. ಕೆಸರು ತೆಗೆಯಲು ಲಾರಿ ಇಳಿಯುವ ಇಳಿಜಾರು ಇರಬೇಕು, ಮನುಷ್ಯರನ್ನು ಒಳಗೆ ಇಳಿಸುವಂತಿರಬಾರದು. ನಿರ್ವಹಣೆಗೆ ಹಣ ಟೆಂಡರಿನಲ್ಲೇ ಇಡಬೇಕು. ಇವೆಲ್ಲ ಗೊತ್ತಿರುವ ಕೆಲಸವೇ.

ಗೊತ್ತಿಲ್ಲದ್ದು ಅಂದರೆ ಇದು ಯಾರ ನೀರು ಅನ್ನುವುದು. ಕೊಳಚೆ ನೀರು ಜಲಮಂಡಳಿಯದ್ದು. ಮಳೆನೀರು ಚರಂಡಿ ಪಾಲಿಕೆಯದ್ದು, ಈಗ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ, ಮೇಲೊಂದು ಪ್ರಾಧಿಕಾರ. ಮೊದಲ ಮಳೆಯ ನೀರು ಹುಟ್ಟಿನಿಂದ ಮಳೆನೀರು, ಗುಣದಿಂದ ಕೊಳಚೆ. ಯುಜಿಡಿಗೆ ಮಳೆನೀರು ಬಿಡಬೇಡಿ ಅಂತ ಒಬ್ಬರ ಪ್ರಕಟಣೆ, ಚರಂಡಿಗೆ ಕೊಳಚೆ ಬಿಡಬೇಡಿ ಅಂತ ಇನ್ನೊಬ್ಬರದು. ಎರಡೂ ಸರಿ, ನಡುವೆ ಈ ನೀರಿಗೆ ಮಾತ್ರ ಮನೆಯಿಲ್ಲ. ತೊಟ್ಟಿಯಿಂದ ಯುಜಿಡಿಗೆ ರಾತ್ರಿ ಹೊತ್ತು ಲೆಕ್ಕ ಹಾಕಿ ಬಿಡಲು ಒಂದು ಒಪ್ಪಂದ ಆಗದಿದ್ದರೆ ನಾನು ಮೇಲೆ ಬರೆದದ್ದೆಲ್ಲ ಕಾಗದದ ಮೇಲೇ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಮೇಲೆ ಎಲ್ಲ ಕಡೆ ಇಂಗು ಗುಂಡಿ ತೋಡುವ ಉತ್ಸಾಹ ಬಂದಿದೆ. ಸಂತೋಷ. ಆದರೆ ತಾರಸಿ ನೀರು ಬೇರೆ, ರಸ್ತೆ ನೀರು ಬೇರೆ. ರಸ್ತೆ ಬದಿಯ ಮೋರಿಯ ನೀರನ್ನು ಒಂದಿಷ್ಟು ಜಲ್ಲಿ ತುಂಬಿದ ಗುಂಡಿಯ ಮೂಲಕ ಬೋರ್‌ವೆಲ್ ಪಕ್ಕದಲ್ಲೇ ಇಂಗಿಸುವುದು ಅಂದರೆ ಆಯಿಲು, ಸತು, ತಾಮ್ರ, ಹೇಲು ಎಲ್ಲವನ್ನೂ ಕುಡಿಯುವ ನೀರಿಗೆ ಕಳಿಸಿದಂತೆ. ಜಲ್ಲಿ ಕಸ ತಡೆಯುತ್ತದೆ, 43 ಮೈಕ್ರಾನ್ ಪುಡಿಯನ್ನು ತಡೆಯುವುದಿಲ್ಲ. ಮೊದಲ ನೀರು ಬೇರೆ ಮಾಡಿ, ಉಳಿದದ್ದನ್ನು ಮರಳು, ಮಣ್ಣು, ಗಿಡದ ಬೇರಿನ ಮೂಲಕ ನಿಧಾನ ಇಳಿಸಿ. ಕೆಟ್ಟ ಕೆರೆಯನ್ನಾದರೂ ಖಾಲಿ ಮಾಡಿ ಹೂಳೆತ್ತಬಹುದು, ಕೆಟ್ಟ ಅಂತರ್ಜಲಕ್ಕೆ ಜೆಸಿಬಿ ಇಳಿಸಲು ಆಗುವುದಿಲ್ಲ.

ಕೊನೆಗೆ ಅಳತೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆಗಳ ನೀರನ್ನು ನಿಯಮಿತವಾಗಿ ಪರೀಕ್ಷಿಸಿ ದರ್ಜೆ ಕೊಡುತ್ತದೆ. ಆ ಮಾದರಿ ತೆಗೆಯುವುದು ನಿಗದಿಯಾದ ದಿನದಲ್ಲಿ, ಹಗಲು ಹೊತ್ತಿನಲ್ಲಿ. ಮಳೆ ಶುರುವಾದ ಮೊದಲ ಅರ್ಧ ಗಂಟೆ ಯಾರೂ ಬಾಟಲಿ ಹಿಡಿದು ಕಾಲುವೆ ಬದಿ ನಿಂತಿರುವುದಿಲ್ಲ. ಹಾಗಾಗಿ ಕೆರೆಗೆ ಎಷ್ಟು ಕೊಳೆ ಯಾವ ಹೊತ್ತಿಗೆ ಬರುತ್ತದೆ ಅನ್ನುವ ನಮ್ಮದೇ ಊರಿನ ಲೆಕ್ಕ ಇಲ್ಲದೆ, ಹತ್ತು ಮಿಲಿಮೀಟರ್ ಸಾಕಾ, ಹದಿನೈದು ಬೇಕಾ ಅಂತ ಹೇಳಲು ಬೇರೆ ದೇಶದ ಪುಸ್ತಕ ನೋಡಬೇಕಾಗಿದೆ. ಕಣಿವೆಗೊಂದರಂತೆ ಮೂರು ಬಡಾವಣೆ ಆರಿಸಿ, ಚರಂಡಿಯಲ್ಲಿ ತಾನಾಗಿ ನೀರು ತುಂಬಿಕೊಳ್ಳುವ ಬಾಟಲಿಗಳನ್ನು ಬೇರೆ ಬೇರೆ ಎತ್ತರಕ್ಕೆ ಕಟ್ಟಿಟ್ಟರೂ ಸಾಕು, ಒಂದು ಮಳೆಗಾಲಕ್ಕೆ ಒಳ್ಳೆ ಲೆಕ್ಕ ಸಿಗುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಮಕ್ಕಳೂ ಮಾಡಬಹುದಾದ ಕೆಲಸ.

ನಿಮ್ಮಿಂದ ಒಂದು ಸಹಾಯ ಆಗಬೇಕು. ಮುಂದಿನ ಸಲ ರಾಜಕಾಲುವೆಯ ಹೊಸ ಕಾಮಗಾರಿಯ ಬಗ್ಗೆ ಸುದ್ದಿಗೋಷ್ಠಿ ಕರೆದಾಗ, ಎಷ್ಟು ಕೋಟಿ, ಎಷ್ಟು ಕಿಲೋಮೀಟರ್ ಅಂತ ಕೇಳಿದ ಮೇಲೆ, ಈ ಡಿಸೈನ್‌ನಲ್ಲಿ ಮೊದಲ ಹತ್ತು ಮಿಲಿಮೀಟರ್ ಮಳೆ ಎಲ್ಲಿಗೆ ಹೋಗುತ್ತದೆ ಅಂತಲೂ ನಿಮ್ಮ ವರದಿಗಾರರು ಕೇಳಲಿ. ಕೆರೆಗೆ ಅನ್ನುವುದೇ ಉತ್ತರವಾದರೆ ಅದನ್ನೂ ಹಾಗೆಯೇ ಅಚ್ಚು ಹಾಕಿ.

ಇಂತಿ,
ನಿವೃತ್ತ ಎಂಜಿನಿಯರ್, ಬೆಂಗಳೂರು